ಗೇಣಿ ಸಿಗದವನ ಕಥೆ: ‘ಚೋಮನ ದುಡಿ’ಯ ಆಶಯ ಕುರಿತು

ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು ೧೯೩೩ರಲ್ಲಿ. ತೊಂಬತ್ತು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಈ ಪುಟ್ಟ ಕಾದಂಬರಿ ಕನ್ನಡದಲ್ಲಿ ಎಡೆಬಿಡದೆ ಓದಿಸಿಕೊಂಡು ಬಂದಿದೆ. ಪಠ್ಯವಾಗಿದೆ, ಚಲನಚಿತ್ರವಾಗಿದೆ, ವಿಚಾರಸಂಕಿರಣಗಳ ವಸ್ತುವಾಗಿದೆ. ಆದರೆ ಕೃತಿಯ ಕೇಂದ್ರ ಆಶಯ ಯಾವುದೆಂಬ ಪ್ರಶ್ನೆ ಬಂದಾಗ ಎರಡು ಸಿದ್ಧ ಉತ್ತರಗಳೇ ಮರುಕಳಿಸುತ್ತವೆ. ಒಂದು, ಇದು ಅಸ್ಪೃಶ್ಯತೆಯ ಸಮಸ್ಯೆಯನ್ನು ಕುರಿತ ಕಾದಂಬರಿ. ಇನ್ನೊಂದು, ಇದು ಮಣ್ಣಿನ ಹಂಬಲದ ದುರಂತ. ಮೊದಲನೆಯದನ್ನು ‘ಸಾಮಾಜಿಕ’ ಆಶಯವೆಂದೂ ಎರಡನೆಯದನ್ನು ‘ಮಾನವೀಯ’ ಆಶಯವೆಂದೂ ವಿಂಗಡಿಸಿ, ಎರಡಕ್ಕೂ ಒಂದೊಂದು ಪುಟ ಮೀಸಲಿಡುವುದು ತರಗತಿಯ ಟಿಪ್ಪಣಿಗಳಲ್ಲಿ ರೂಢಿಯಾಗಿದೆ. ಈ ವಿಂಗಡಣೆಯೇ ಕೃತಿಯ ತಿರುಳನ್ನು ಕಾಣದಂತೆ ಮಾಡಿದೆ. ಕಾದಂಬರಿಯಲ್ಲಿ ಅಸ್ಪೃಶ್ಯತೆ ಒಂದು ಕಡೆ, ಮಣ್ಣು ಇನ್ನೊಂದು ಕಡೆ ಇಲ್ಲ. ಅಸ್ಪೃಶ್ಯತೆ ಅಲ್ಲಿ ಕೆಲಸ ಮಾಡುವುದೇ ಮಣ್ಣಿನ ಮೂಲಕ. ಯಾರು ಬೇಸಾಯಗಾರನಾಗಬಹುದು, ಯಾರು ಎಂದೆಂದಿಗೂ ಆಳಾಗಿಯೇ ಉಳಿಯಬೇಕು ಎಂಬುದನ್ನು ತೀರ್ಮಾನಿಸುವ ಕಟ್ಟಳೆಯ ಹೆಸರೇ ಅಲ್ಲಿ ಅಸ್ಪೃಶ್ಯತೆ.

ಕಥೆ ಪರಿಚಿತವಾದುದು. ಭೋಗನಹಳ್ಳಿಯ ಚೋಮ ಸಂಕಪ್ಪಯ್ಯನ ಮೂಲದಾಳು; ಹೊಲೆಯರಲ್ಲಿಯೂ ಕೆಳಗಿನವರೆಂದು ಎಣಿಸಲಾಗುತ್ತಿದ್ದ ಮಾರಿ ಹೊಲೆಯರವನು. ಹೆಂಡತಿ ಇಲ್ಲ, ಐವರು ಮಕ್ಕಳಿದ್ದಾರೆ. ಕಾಡಿನಂಚಿನ ಗುಡಿಸಲಿನಲ್ಲಿ ಒಂದು ಜೊತೆ ಎತ್ತುಗಳೂ ಒಂದು ದುಡಿಯೂ ಇವೆ. ತಾನೂ ಸ್ವಂತವಾಗಿ ಬೇಸಾಯ ಮಾಡಬೇಕೆಂಬುದೊಂದೇ ಅವನ ಆಸೆ. ಆ ಆಸೆ ಕೈಗೂಡದೆ, ಒಬ್ಬೊಬ್ಬರಾಗಿ ಮಕ್ಕಳನ್ನು ಕಳೆದುಕೊಂಡು, ಕಡೆಗೆ ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಮುಚ್ಚಿಕೊಂಡು ದುಡಿ ಬಾರಿಸುತ್ತಲೇ ಅವನು ಸಾಯುತ್ತಾನೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ ಚೋಮ ಕೇಳಿದ್ದು ಏನನ್ನು ಎಂಬುದು. ‘ಭೂಮಿಯ ಒಡೆತನ’ ಎಂಬ ಮಾತನ್ನು ವಿಮರ್ಶೆ ಸಲೀಸಾಗಿ ಬಳಸುತ್ತದೆ. ಆದರೆ ಚೋಮ ಒಡೆತನವನ್ನು ಕೇಳಲೇ ಇಲ್ಲ. ಅವನು ಕೇಳಿದ್ದು ಗೇಣಿ. ಒಡೆಯ ಒಡೆಯನಾಗಿಯೇ ಇರಲಿ, ತಾನು ಉತ್ತು ಬಿತ್ತಿ ಬೆಳೆದುದರಲ್ಲಿ ಸಲ್ಲಬೇಕಾದುದನ್ನು ಸಲ್ಲಿಸಿ ಉಳಿದದ್ದನ್ನು ಉಣ್ಣುತ್ತೇನೆ ಎಂಬಷ್ಟೇ ಅವನ ಬೇಡಿಕೆ. ದಕ್ಷಿಣ ಕನ್ನಡದ ಭೂಸಂಬಂಧಗಳಲ್ಲಿ ಗೇಣಿಗೆ ಹಲವು ಮುಖಗಳಿದ್ದವು. ತಲೆಮಾರುಗಳವರೆಗೆ ಅಲುಗಾಡದ ಮೂಲಗೇಣಿಯೂ, ಒಡೆಯನ ಮರ್ಜಿಯಂತೆ ಬಿಡಿಸಬಹುದಾದ ಚಾಲಗೇಣಿಯೂ, ನಿಶ್ಚಿತ ಅವಧಿಯ ವಾಯಿದೆಗೇಣಿಯೂ ಇದ್ದವು. ಗದ್ದೆಗಳಲ್ಲಿಯೂ ಬೈಲು, ಮಜಲು, ಬೆಟ್ಟು ಎಂಬ ದರ್ಜೆಗಳಿದ್ದವು. ಎಲ್ಲಕ್ಕಿಂತ ಕೆಳಗಿನ ಚಾಲಗೇಣಿಗೆ, ಎಲ್ಲಕ್ಕಿಂತ ಕಳಪೆಯಾದ ಬೆಟ್ಟುಗದ್ದೆಯ ಒಂದು ತುಣುಕು ಸಿಕ್ಕಿದ್ದರೂ ಚೋಮನ ಪಾಲಿಗೆ ಅದು ಸಾಕಿತ್ತು. ವ್ಯವಸ್ಥೆಯನ್ನು ಬುಡಮೇಲು ಮಾಡುವ ಬೇಡಿಕೆ ಇದಲ್ಲ, ವ್ಯವಸ್ಥೆಯ ಒಳಗೇ ಒಂದು ಮೆಟ್ಟಿಲು ಮೇಲೇರುವ ಬೇಡಿಕೆ. ಅಷ್ಟು ಸಣ್ಣ ಬೇಡಿಕೆಗೂ ಇಡೀ ಊರಿನ ಕಟ್ಟಳೆ ಅಡ್ಡ ನಿಲ್ಲುತ್ತದೆ ಎಂದು ತೋರಿಸಿದ್ದರಲ್ಲಿ ಕಾದಂಬರಿಯ ಶಕ್ತಿ ಇದೆ. ದೊಡ್ಡ ಬೇಡಿಕೆಯನ್ನು ನಿರಾಕರಿಸಿದರೆ ಒಡೆಯನ ಸ್ವಾರ್ಥ ಕಾಣಿಸುತ್ತದೆ. ಸಣ್ಣ ಬೇಡಿಕೆಯನ್ನು ನಿರಾಕರಿಸಿದಾಗ ಮಾತ್ರ ಜಾತಿಯ ತರ್ಕ ಬರಿದಾಗಿ ಕಾಣಿಸುತ್ತದೆ.

ಈ ಹಿನ್ನೆಲೆಯಲ್ಲಿ ಸಂಕಪ್ಪಯ್ಯನ ಪಾತ್ರವನ್ನು ನೋಡಬೇಕು. ಅವನು ಕ್ರೂರಿಯಲ್ಲ. ಚೋಮನ ಕೋರಿಕೆಗೆ ಅವನ ಮನಸ್ಸು ಒಲಿಯುವುದೂ ಉಂಟು. ಅಡ್ಡ ಬರುವವಳು ಅವನ ಮುದಿ ತಾಯಿ. ಹೊಲೆಯನಿಗೆ ಬೇಸಾಯಕ್ಕೆ ಭೂಮಿ ಕೊಡುವುದು ಹಿಂದಿನಿಂದ ನಡೆದು ಬಂದುದಲ್ಲ, ಕೊಟ್ಟರೆ ಉಳಿದೀತೇ ಎಂಬ ಆಕೆಯ ಭಯದ ಮುಂದೆ ಮಗ ಸುಮ್ಮನಾಗುತ್ತಾನೆ. ಈ ಪ್ರಸಂಗವನ್ನು ‘ಹಳೆಯ ಕಾಲದ ಮೂಢನಂಬಿಕೆ’ ಎಂದು ದಾಟಿಬಿಡುವ ಓದು ಒಂದಿದೆ. ಅದು ಪ್ರಸಂಗದ ಮಹತ್ವವನ್ನು ಕುಗ್ಗಿಸುತ್ತದೆ. ಗೇಣಿ ಕೊಡುವುದರಿಂದ ಸಂಕಪ್ಪಯ್ಯನಿಗೆ ನಷ್ಟವೇನೂ ಇಲ್ಲ. ಬಹುಶಃ ಲಾಭವೇ ಇತ್ತು. ಚೋಮನಷ್ಟು ನಿಷ್ಠೆಯಿಂದ ಉಳುವವನು ಆ ಊರಿನಲ್ಲಿ ಇನ್ನೊಬ್ಬನಿರಲಾರ. ಆರ್ಥಿಕ ಹಿತಾಸಕ್ತಿಯೂ ಒಳ್ಳೆಯತನವೂ ಎರಡೂ ಕೂಡಿ ಒಪ್ಪಿದ ಕಾರ್ಯವನ್ನು ಕಟ್ಟಳೆಯೊಂದೇ ತಡೆಯಬಲ್ಲುದು ಎಂಬುದನ್ನು ಕಾರಂತರು ಯಾವ ವ್ಯಾಖ್ಯಾನವೂ ಇಲ್ಲದೆ ಒಂದು ಮನೆಯ ಜಗಲಿಯಲ್ಲಿಯೇ ನಡೆಸಿ ತೋರಿಸಿಬಿಡುತ್ತಾರೆ. ಖಳನಾಯಕನಿಲ್ಲದ ಕಾದಂಬರಿ ಎಂಬ ಮೆಚ್ಚುಗೆ ‘ಚೋಮನ ದುಡಿ’ಗೆ ಸಂದಿದೆ. ಖಳನಿಲ್ಲದಿರುವುದು ಇಲ್ಲಿ ಕಲೆಗಾರಿಕೆಯ ಸಂಯಮ ಮಾತ್ರವಲ್ಲ, ಅದೊಂದು ಸಾಮಾಜಿಕ ತಿಳಿವಳಿಕೆ.

ಚೋಮನ ಬಳಿ ಏನಿದೆ, ಏನಿಲ್ಲ ಎಂಬುದರ ಲೆಕ್ಕವನ್ನೂ ಕಾದಂಬರಿ ಸೂಕ್ಷ್ಮವಾಗಿ ಇಡುತ್ತದೆ. ಎತ್ತುಗಳನ್ನು ಇಟ್ಟುಕೊಳ್ಳಲು ಅವನಿಗೆ ಅಡ್ಡಿಯಿಲ್ಲ. ಅವುಗಳನ್ನು ತನ್ನದೆನ್ನುವ ಗದ್ದೆಯಲ್ಲಿ ಹೂಡಲು ಅಡ್ಡಿಯಿದೆ. ಎಂದರೆ ನಿಷೇಧವಿರುವುದು ಸ್ವಾಧೀನದ ಮೇಲಲ್ಲ, ವಿನಿಯೋಗದ ಮೇಲೆ. ಬೇಸಾಯದ ಜ್ಞಾನವಿದೆ, ಬದುಕಿಡೀ ಒಡೆಯನ ಗದ್ದೆಯಲ್ಲಿ ಅದನ್ನೇ ಬಳಸಿದ್ದಾನೆ. ದೇಹಬಲವಿದೆ. ಮಕ್ಕಳ ಕೈಗಳಿವೆ. ಉತ್ಪಾದನೆಗೆ ಬೇಕಾದ ಎಲ್ಲವೂ ಇದ್ದು, ಉತ್ಪಾದಕನೆಂಬ ಸ್ಥಾನವೊಂದೇ ಇಲ್ಲ. ಆ ಎತ್ತುಗಳನ್ನು ‘ಆಸೆಯ ಪ್ರತೀಕ’ವೆಂದು ಕರೆಯುವುದು ವಿಮರ್ಶೆಯಲ್ಲಿ ಸಾಮಾನ್ಯ. ಪ್ರತೀಕವೆಂದೊಡನೆ ಅವುಗಳ ಸಗಣಿ, ಹುಲ್ಲು, ಮೇವು ಎಲ್ಲ ಮರೆಯಾಗಿಬಿಡುತ್ತವೆ. ಬಡವನೊಬ್ಬ ದುಡಿಸಿಕೊಳ್ಳಲಾಗದ ಜೋಡಿಯನ್ನು ವರ್ಷಗಟ್ಟಲೆ ಮೇಯಿಸುವುದೆಂದರೆ ಅದೊಂದು ವಾಸ್ತವದ ಹೊರೆ. ಊರಿನವರ ಕಣ್ಣಿಗೆ ಅದು ಹುಚ್ಚಿನಂತೆ ಕಂಡರೆ ಆಶ್ಚರ್ಯವಿಲ್ಲ.

ದುಡಿಯ ವಿಷಯವೂ ಹೀಗೆಯೇ. ಅದನ್ನು ಚೋಮನ ಒಳದನಿ, ಮೂಕವೇದನೆಯ ಅಭಿವ್ಯಕ್ತಿ ಎಂದೆಲ್ಲ ಬಣ್ಣಿಸಲಾಗಿದೆ. ಅದು ಸರಿಯೇ. ಅದಕ್ಕಿಂತ ಸರಳವಾದ ಸಂಗತಿಯೊಂದಿದೆ: ಅವನ ವಸ್ತುಗಳಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಪೂರ್ತಿಯಾಗಿ ಬಳಸಬಹುದಾದುದು ದುಡಿಯೊಂದೇ. ಕನ್ನಡದಲ್ಲಿ ‘ದುಡಿ’ ನಾಮಪದವೂ ಹೌದು, ಧಾತುವೂ ಹೌದು. ವಾದ್ಯವನ್ನು ಹೆಸರಿಸುವ ಶೀರ್ಷಿಕೆಯೇ ಆಳಿಗೆ ಕೊಡುವ ಆಜ್ಞೆಯಂತೆಯೂ ಕೇಳಿಸುತ್ತದೆ. ಲೇಖಕರು ಇದನ್ನು ಉದ್ದೇಶಿಸಿದ್ದರೇ ಎಂಬ ಚರ್ಚೆ ಅನಗತ್ಯ; ಕನ್ನಡ ಕಿವಿಗೆ ಅದು ಕೇಳಿಸುತ್ತದೆ ಎಂಬುದಷ್ಟೇ ಸಾಕು. ಇನ್ನೊಂದು ಮಾತು. ಪುತ್ತೂರು ಸೀಮೆಯ ಜನಸಾಮಾನ್ಯರ ನುಡಿ ತುಳು. ಕಾದಂಬರಿ ಅವನನ್ನು ಕನ್ನಡದಲ್ಲಿ ಮಾತನಾಡಿಸುತ್ತದೆ. ಅನುವಾದವಾಗದೆ ಓದುಗರನ್ನು ತಲುಪುವ ಅವನ ನುಡಿ ದುಡಿಯದು ಮಾತ್ರ.

ಇದೇ ಕಾಲಘಟ್ಟದ ಬೇರೆ ಕೃತಿಗಳ ಪಕ್ಕದಲ್ಲಿಟ್ಟು ನೋಡಿದರೆ ಈ ಆಶಯದ ವಿಶಿಷ್ಟತೆ ಸ್ಪಷ್ಟವಾಗುತ್ತದೆ. ಪ್ರೇಮಚಂದರ ‘ಗೋದಾನ’ ಬಂದದ್ದು ೧೯೩೬ರಲ್ಲಿ. ಅದರ ಹೋರಿ ರೈತ. ಅವನಿಗೆ ನೆಲವಿದೆ, ಹಸುವೊಂದು ಬೇಕು. ಚೋಮನಿಗೆ ಎತ್ತುಗಳಿವೆ, ನೆಲ ಬೇಕು. ಸಾಲದ ಸುಳಿಯಲ್ಲಿ ಹೋರಿ ರೈತನ ಸ್ಥಾನದಿಂದ ಜಾರಿ ಕೂಲಿಯಾಗಿ ಸಾಯುತ್ತಾನೆ. ಹೋರಿಯ ಕಥೆ ಮುಗಿಯುವಲ್ಲಿ ಚೋಮನ ಕಥೆ ಆರಂಭವಾಗುತ್ತದೆ ಎನ್ನಬಹುದು. ಕಳೆದುಕೊಳ್ಳುವುದಕ್ಕಾದರೂ ಹೋರಿಗೆ ಒಂದು ಸ್ಥಾನವಿತ್ತು. ಭಾರತೀಯ ಕೃಷಿ ಕಾದಂಬರಿಗಳನ್ನು ಒಂದೇ ಗುಂಪಿಗೆ ಸೇರಿಸಿ ‘ರೈತನ ಬವಣೆ’ ಎಂಬ ತಲೆಬರಹದಡಿ ಚರ್ಚಿಸುವ ತೌಲನಿಕ ಅಧ್ಯಯನಗಳು ಈ ವ್ಯತ್ಯಾಸವನ್ನು ಗಮನಿಸಬೇಕಾಗಿದೆ. ಚೋಮ ಬವಣೆಪಟ್ಟ ರೈತನಲ್ಲ, ರೈತನಾಗಲು ಬಿಡದವನು.

ಹೋಲಿಕೆಗೆ ಹೊರಗೆ ಹೋಗುವ ಅಗತ್ಯವೂ ಇಲ್ಲ. ಕಾರಂತರದೇ ‘ಬೆಟ್ಟದ ಜೀವ’ದ ಗೋಪಾಲಯ್ಯ ಘಟ್ಟದ ಬುಡದ ಕಾಡನ್ನು ಕಡಿದು ತೋಟ ಮಾಡುತ್ತಾನೆ. ಕಾಡಿನೊಂದಿಗೆ ಅವನು ನಡೆಸುವ ಸೆಣಸಾಟವನ್ನು ಮನುಷ್ಯಪ್ರಯತ್ನದ ಮಹಾಕಾವ್ಯವೆಂಬಂತೆ ಓದಲಾಗುತ್ತದೆ, ಓದಬೇಕಾದುದೂ ಹೌದು. ಆದರೆ ಚೋಮನೂ ಕಾಡಿನ ಅಂಚಿನಲ್ಲಿಯೇ ಇದ್ದಾನೆ. ಅವನಿಗೂ ತೋಳಿದೆ, ಛಲವಿದೆ. ಗೋಪಾಲಯ್ಯನ ಛಲ ತೋಟವಾಗುತ್ತದೆ, ಚೋಮನ ಛಲ ಸಾವಾಗುತ್ತದೆ. ‘ಮರಳಿ ಮಣ್ಣಿಗೆ’ಯ ರಾಮನಿಗೆ ನಗರದಲ್ಲಿ ಸೋತು ಹಿಂದಿರುಗಲು ಕಡಲತಡಿಯ ಮಣ್ಣೊಂದು ಕಾದಿತ್ತು. ‘ಮರಳಿ’ ಎಂಬ ಶಬ್ದಕ್ಕೆ ಅರ್ಥ ಬರುವುದು ಮೊದಲೇ ಮಣ್ಣು ಇದ್ದವನಿಗೆ. ಕಾರಂತರ ಮಣ್ಣಿನ ಕಾದಂಬರಿಗಳನ್ನು ಸಾಲಾಗಿ ಓದಿದರೆ ‘ಚೋಮನ ದುಡಿ’ ಉಳಿದವುಗಳ ಜೊತೆಗಾರನಾಗಿ ಮಾತ್ರವಲ್ಲ, ಅವುಗಳಿಗೆ ಹಾಕಿದ ಪ್ರಶ್ನಾರ್ಥಕ ಚಿಹ್ನೆಯಾಗಿಯೂ ಕಾಣುತ್ತದೆ. ಶ್ರಮ ಫಲಿಸಬೇಕಾದರೆ ಶ್ರಮಿಸುವವನ ಜಾತಿ ಯಾವುದಿರಬೇಕು ಎಂಬ ಪ್ರಶ್ನೆಯನ್ನು ಈ ಮೊದಲ ಕೃತಿ ಎತ್ತಿತು. ನಂತರದ ಪ್ರಸಿದ್ಧ ಕೃತಿಗಳು ಅದನ್ನು ಅಷ್ಟು ನೇರವಾಗಿ ಮತ್ತೆ ಎತ್ತಲಿಲ್ಲ.

ಊರಿನ ದಾರಿ ಮುಚ್ಚಿದಾಗ ಘಟ್ಟದ ಮೇಲಿನ ಕಾಫಿ ತೋಟದ ದಾರಿ ತೆರೆದಿರುತ್ತದೆ. ತೋಟಕ್ಕೆ ಮಡಿಮೈಲಿಗೆಯ ಗೊಡವೆಯಿಲ್ಲ. ಅಲ್ಲಿ ಬೇಕಾದುದು ಕೈಗಳು ಮಾತ್ರ. ವಸಾಹತುಶಾಹಿ ಆಧುನಿಕತೆ ದಲಿತರಿಗೆ ಬಿಡುಗಡೆಯ ಅವಕಾಶವನ್ನು ತಂದಿತೆಂಬ ವಾದಕ್ಕೆ ಕಾದಂಬರಿ ಇಲ್ಲಿ ತನ್ನದೇ ಉತ್ತರ ಕೊಡುತ್ತದೆ. ಚಿಕ್ಕದೊಂದು ಸಾಲ ಬಡ್ಡಿಯೊಡನೆ ಬೆಳೆದು ಚನಿಯ, ಗುರುವ ಇಬ್ಬರನ್ನೂ ತೋಟಕ್ಕೆ ಎಳೆಯುತ್ತದೆ. ಗುರುವ ಕ್ರೈಸ್ತ ಹುಡುಗಿಯೊಬ್ಬಳ ಜೊತೆಯಾಗಿ ಅಲ್ಲಿಯೇ ಉಳಿಯುತ್ತಾನೆ. ಚನಿಯ ಕಾಯಿಲೆ ಹೊತ್ತು ಬಂದು ಸಾಯುತ್ತಾನೆ. ಸಾಲ ತೀರುವುದಿಲ್ಲ. ಇಬ್ಬರು ಗಂಡಾಳುಗಳ ದುಡಿಮೆ ತೀರಿಸಲಾಗದ ಆ ಸಾಲ ಮಗಳು ಬೆಳ್ಳಿ ತೋಟಕ್ಕೆ ಹೋದ ಮೇಲೆ ತೀರಿಹೋಗುತ್ತದೆ. ಹೇಗೆ ತೀರಿತೆಂಬುದು ಚೋಮನಿಗೆ ಗೊತ್ತಿಲ್ಲ, ಓದುಗರಿಗೆ ಗೊತ್ತು.

ಬೆಳ್ಳಿಯ ಬಗೆಗೆ ವಿಮರ್ಶೆ ತೋರಿರುವ ಮೌನ ದೊಡ್ಡದು. ಆಕೆಯನ್ನು ‘ಚೋಮನ ದುರಂತಕ್ಕೆ ಕೊನೆಯ ಪೆಟ್ಟು’ ಎಂಬ ನೆಲೆಯಲ್ಲಿ ಮಾತ್ರ ಪರಿಗಣಿಸಿದರೆ ಕೃತಿಯ ಆಶಯದ ಅರ್ಧ ಭಾಗವೇ ಬಿಟ್ಟುಹೋಗುತ್ತದೆ. ಆ ಮನೆಯಲ್ಲಿ ಗಂಜಿ ಬೇಯಿಸುವವಳು, ತಮ್ಮಂದಿರನ್ನು ನೋಡಿಕೊಳ್ಳುವವಳು, ಕುಡಿದು ಬಂದ ತಂದೆಯನ್ನು ಸಂಭಾಳಿಸುವವಳು ಅವಳೇ. ತಂದೆಯ ಬೇಸಾಯದ ಕನಸಿಗೆ ಅಡ್ಡವಾಗಿದ್ದ ಸಾಲವನ್ನು ತನ್ನ ಮೈಯಿಂದ ತೀರಿಸಿದವಳೂ ಅವಳೇ. ಆ ಕನಸಿನಲ್ಲಿ ಮಾತ್ರ ಅವಳಿಗೊಂದು ಪಾಲಿಲ್ಲ. ಮನ್ವೇಲನೊಂದಿಗಿನ ಅವಳ ಸಂಬಂಧವನ್ನು ಕಂಡು ಚೋಮ ಸಿಡಿದು ಅವಳನ್ನು ಹೊರದೂಡುವಾಗ, ಊರು ತನಗೆ ಮಾಡಿದ್ದನ್ನೇ ಅವನು ಮಗಳಿಗೆ ಮಾಡುತ್ತಾನೆ. ಕಾರಂತರ ನಿರೂಪಣೆ ಈ ಘಳಿಗೆಯಲ್ಲಿ ಚೋಮನ ಪಕ್ಕದಲ್ಲಿಯೇ ನಿಲ್ಲುತ್ತದೆ. ಬೆಳ್ಳಿಯ ಪಕ್ಕಕ್ಕೆ ಒಂದು ಹೆಜ್ಜೆ ಸರಿದಿದ್ದರೆ ಕೃತಿಯ ಆಶಯ ಇನ್ನಷ್ಟು ಹಿಗ್ಗುತ್ತಿತ್ತು. ಇದನ್ನು ಕೃತಿಯ ಮಿತಿ ಎಂದೇ ಒಪ್ಪಬೇಕು. ಆದರೆ ಆ ಮಿತಿಯನ್ನು ಗುರುತಿಸಲು ಬೇಕಾದ ಸಾಮಗ್ರಿಯನ್ನೆಲ್ಲ ಕಾದಂಬರಿಯೇ ಒದಗಿಸಿದೆ ಎಂಬುದೂ ನಿಜ.

ಮೂರನೆಯ ದಾರಿ ಮತಾಂತರದ್ದು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ನೇಯ್ಗೆಯ ಮಗ್ಗಗಳ ಮತ್ತು ೧೮೬೫ರಿಂದ ಹಂಚಿನ ಕಾರ್ಖಾನೆಗಳ ಮೂಲಕ ಕರಾವಳಿಯ ಕೆಳಜಾತಿಗಳಿಗೆ ಹೊಸ ಜೀವನೋಪಾಯವೊಂದನ್ನು ತೋರಿಸಿತ್ತು. ೧೮೯೭ರಲ್ಲಿ ಕುದ್ಮುಲ್ ರಂಗರಾಯರು ಆರಂಭಿಸಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್‌ನ ಕಾರ್ಯವೂ ಇದೇ ನೆಲದಲ್ಲಿ ನಡೆದಿತ್ತು. ಕ್ರೈಸ್ತನಾದರೆ ಬೇಸಾಯಕ್ಕೆ ಭೂಮಿ ಸಿಕ್ಕೀತೆಂಬ ಚೋಮನ ಎಣಿಕೆ ಆಧಾರವಿಲ್ಲದ್ದಲ್ಲ. ಹೊಳೆಯಲ್ಲಿ ಮುಳುಗುತ್ತಿದ್ದ ಮಗನನ್ನು ಮುಟ್ಟಬಾರದವನೆಂಬ ಕಾರಣಕ್ಕೆ ಮೇಲೆತ್ತದೆ ಹೋದ ಊರಿಗೆ ಬೆನ್ನು ಹಾಕಿ ಅವನು ಹೊರಡುತ್ತಾನೆ. ಆದರೆ ಪಂಜುರ್ಲಿಯ ಭಯಭಕ್ತಿ ಅವನನ್ನು ಹಿಂದಕ್ಕೆಳೆಯುತ್ತದೆ. ಮೊದಲ ಎರಡು ತಡೆಗಳು ಹೊರಗಿನವು, ಇದು ಒಳಗಿನದು. ಕಾರಂತರು ಇಲ್ಲಿ ಮತಾಂತರದ ಪ್ರಶ್ನೆಯಿಂದ ನುಣುಚಿಕೊಂಡರೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ; ಆ ಪ್ರಸಂಗ ಅವಸರದಲ್ಲಿ ಮುಗಿದುಹೋಗುತ್ತದೆ. ಆದರೂ ತುಳುನಾಡಿನ ದೈವಾರಾಧನೆಯ ಸ್ವರೂಪವನ್ನು ಬಲ್ಲವರಿಗೆ ಬೇರೊಂದು ಅರ್ಥವೂ ಹೊಳೆಯುತ್ತದೆ. ಅಲ್ಲಿ ದೈವಕ್ಕೆ ಸ್ಥಳವಿದೆ, ಸೀಮೆಯಿದೆ. ಅದು ಆಕಾಶದ್ದಲ್ಲ, ಆ ಮಣ್ಣಿನದು. ಮಣ್ಣಿಗಾಗಿ ದೈವವನ್ನು ಬಿಡುವುದೆಂದರೆ ಆ ಮಣ್ಣಿನೊಂದಿಗೆ ತನಗಿರುವ ಒಂದೇ ನಂಟನ್ನೂ ಕಡಿದುಕೊಂಡಂತೆ. ಕಾಗದಪತ್ರದಲ್ಲಿ ಚೋಮನಿಗೆ ಆ ಊರಿನಲ್ಲಿ ಏನೂ ಇಲ್ಲ, ಇರುವುದು ಪಂಜುರ್ಲಿ.

ದಲಿತ-ಬಂಡಾಯ ಚಳವಳಿಯ ನಂತರದ ಓದುಗಳು ಈ ಕೃತಿಯನ್ನು ನಿಷ್ಠುರವಾಗಿ ಪ್ರಶ್ನಿಸಿವೆ. ಹೊರಗಿನವರ ಅನುಕಂಪ, ಪ್ರತಿರೋಧವಿಲ್ಲದ ನಾಯಕ, ಸಾವಿನಲ್ಲಿ ಮುಗಿಯುವ ಕಥನ ಎಂಬ ಆಕ್ಷೇಪಗಳು ಅವಶ್ಯವಾಗಿದ್ದವು. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನ ಸಂಸಾರವನ್ನು ಕಂಡ ಮೇಲೆ, ಹಸಿವಿನ ನಡುವೆಯೂ ನಗೆ, ಜಗಳ, ಚಿತ್ತಾರ, ಕಿಲಾಡಿತನಗಳಿರುವ ಆ ಜಗಲಿಯ ಮುಂದೆ ಚೋಮನ ಗುಡಿಸಲು ತೀರ ಮಂಕಾಗಿ ಕಾಣುವುದು ಸಹಜ. ಆದರೆ ಅನುಕಂಪದ ಕೃತಿಯೆಂಬ ಹಣೆಪಟ್ಟಿಯೊಂದಿಗೆ ‘ಚೋಮನ ದುಡಿ’ಯನ್ನು ಕಪಾಟಿಗೆ ಸೇರಿಸಿಬಿಡುವುದು ಅವಸರದ ಕೆಲಸ. ಪ್ರತಿರೋಧವೆಂದರೆ ಎದುರುತ್ತರವೇ ಆಗಬೇಕೆಂದಿಲ್ಲ. ಮಾರೆಂದು ಹೇಳಿದರೂ ಎತ್ತುಗಳನ್ನು ಮಾರದಿರುವುದು, ‘ಇಲ್ಲ’ ಎಂದ ಮೇಲೆಯೂ ಅದೇ ಬೇಡಿಕೆಯನ್ನು ಹಿಡಿದು ಕೂರುವುದು ಪ್ರತಿರೋಧದ ರೂಪಗಳೇ. ಚೋಮ ಗೆಲ್ಲಲಿಲ್ಲ. ಆದರೆ ತನ್ನ ಬೇಡಿಕೆ ಅನ್ಯಾಯದ್ದೆಂದು ಅವನು ಒಂದು ಕ್ಷಣವೂ ಒಪ್ಪಲಿಲ್ಲ.

ಗೇಣಿಯ ಪ್ರಶ್ನೆ ಕೃತಿಯಿಂದಾಚೆಗೂ ಚಾಚುತ್ತದೆ. ೧೮೪೩ರ ಕಾಯಿದೆ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ಕಿತ್ತುಹಾಕಿತ್ತು. ತೊಂಬತ್ತು ವರ್ಷಗಳ ಅನಂತರ ಬಂದ ಕಾದಂಬರಿಯಲ್ಲಿ ಮೂಲದಾಳಿನ ಸ್ಥಿತಿ ಸಾಲದ ಹಾಗೂ ರೂಢಿಯ ಬಲದಿಂದ ಹಾಗೆಯೇ ಉಳಿದಿದೆ. ಮುಂದೆ ೧೯೬೧ರ ಕರ್ನಾಟಕ ಭೂಸುಧಾರಣಾ ಕಾಯಿದೆಗೆ ಬಂದ ತಿದ್ದುಪಡಿ ೧೯೭೪ರ ಮಾರ್ಚ್ ೧ರಿಂದ ಜಾರಿಯಾಗಿ ಗೇಣಿದಾರನಿಗೆ ಭೂಮಿಯ ಹಕ್ಕು ಕೊಟ್ಟಿತು. ದಕ್ಷಿಣ ಕನ್ನಡದ ಸಾಮಾಜಿಕ ಚರಿತ್ರೆಯಲ್ಲಿ ಅದು ದೊಡ್ಡ ಪಲ್ಲಟ. ಮರುವರ್ಷವೇ, ೧೯೭೫ರಲ್ಲಿ, ಬಿ.ವಿ. ಕಾರಂತರ ನಿರ್ದೇಶನದ ‘ಚೋಮನ ದುಡಿ’ ಚಿತ್ರ ಬಂದು ಸ್ವರ್ಣಕಮಲ ಪಡೆಯಿತು, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂದಿತು. ಚೋಮನ ಕಾಲ ಮುಗಿಯಿತು, ಉಳುವವನೇ ಹೊಲದೊಡೆಯನಾದ ಎಂಬ ಭಾವನೆಯಿಂದ ಆ ಚಿತ್ರವನ್ನು ನೋಡಿದವರೂ ಇದ್ದಿರಬೇಕು. ಆದರೆ ಕಾಯಿದೆ ‘ಉಳುವವನು’ ಎಂದು ಪ್ರಧಾನವಾಗಿ ಗುರುತಿಸಿದ್ದು ಗೇಣಿದಾರನನ್ನು. ಮಿತಿಮೀರಿದ ಭೂಮಿಯ ಹಂಚಿಕೆಯಲ್ಲಿ ಪರಿಶಿಷ್ಟ ಜಾತಿಗಳಿಗೆ ಪಾಲಿತ್ತು; ಕೃಷಿಕೂಲಿಕಾರನಿಗೆ ಅವನು ವಾಸವಾಗಿದ್ದ ಮನೆಯ ಅಡಿಯ ನೆಲದ ಹಕ್ಕೂ ಸಿಕ್ಕಿತು. ಕಾದಂಬರಿಯ ಭಾಷೆಯಲ್ಲಿ ಹೇಳುವುದಾದರೆ ಚೋಮನಿಗೆ ಗುಡಿಸಲು ಸಿಕ್ಕಿತು, ಗದ್ದೆ ಗೇಣಿದಾರನಿಗೆ ಹೋಯಿತು. ಅವನು ಗೇಣಿದಾರನೇಕೆ ಆಗಿರಲಿಲ್ಲ ಎಂಬುದಕ್ಕೆ ೧೯೩೩ರಷ್ಟು ಹಿಂದೆಯೇ ಸಂಕಪ್ಪಯ್ಯನ ತಾಯಿ ಕಾರಣ ಹೇಳಿದ್ದಳು. ಆಕೆಯ ಒಂದು ಮಾತು ಅಂದು ಚೋಮನನ್ನು ತಡೆಯಿತು. ಆ ತಡೆಯೇ ನಲವತ್ತೊಂದು ವರ್ಷಗಳ ಅನಂತರ ಅವನ ಮೊಮ್ಮಕ್ಕಳಂಥವರು ಹಕ್ಕುದಾರರಾಗದಂತೆಯೂ ನೋಡಿಕೊಂಡಿತು. ಇನ್ನು ೨೦೨೦ರ ತಿದ್ದುಪಡಿ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ನಿರ್ಬಂಧಗಳನ್ನು ತೆಗೆದುಹಾಕಿದ ಮೇಲೆ, ಯಾರು ಬೇಸಾಯಗಾರನಾಗಬಹುದು ಎಂಬ ಪ್ರಶ್ನೆಯನ್ನು ಹಣವೂ ತೀರ್ಮಾನಿಸತೊಡಗಿದೆ.

ಸಾಹಿತ್ಯಕೃತಿಯನ್ನು ಕಾಯಿದೆಯ ಪುಸ್ತಕದೊಂದಿಗೆ ಓದುವುದು ಕೃತಿಯ ಸ್ವಾಯತ್ತತೆಗೆ ಧಕ್ಕೆ ತರುತ್ತದೆ ಎನ್ನುವವರಿದ್ದಾರೆ. ‘ಚೋಮನ ದುಡಿ’ಯ ಮಟ್ಟಿಗೆ ಈ ಆತಂಕಕ್ಕೆ ಕಾರಣವಿಲ್ಲ. ಗೇಣಿ ಎಂಬ ಒಂದು ಶಬ್ದದ ಭಾರ ತಿಳಿಯದೆ ಓದಿದರೆ ಚೋಮನ ಹಟ ಬರಿಯ ಹಟವಾಗಿ, ಅವನ ಸಾವು ಬರಿಯ ವಿಧಿಯಾಗಿ ಕಾಣುತ್ತದೆ. ಕನ್ನಡ ವಿಭಾಗಗಳಲ್ಲಿ ಕಾರಂತರನ್ನು ಕುರಿತ ಸಂಶೋಧನ ಪ್ರಬಂಧಗಳಿಗೆ ಕೊರತೆಯಿಲ್ಲ. ಪುತ್ತೂರು, ಸುಳ್ಯ, ಬೆಳ್ತಂಗಡಿಯಂಥ ತಾಲ್ಲೂಕುಗಳ ಭೂನ್ಯಾಯಮಂಡಳಿಗಳ ಕಡತಗಳನ್ನು ಈ ಕಾದಂಬರಿಯ ಪಕ್ಕದಲ್ಲಿಟ್ಟು ಓದುವ ಕೆಲಸ ಮಾತ್ರ ಬಾಕಿಯಿದೆ. ಅಲ್ಲಿ ಗೇಣಿಚೀಟುಗಳಿವೆ, ರಶೀದಿಗಳಿವೆ, ಇಂಥವನು ಇಷ್ಟು ವರ್ಷದಿಂದ ಈ ಗದ್ದೆಯನ್ನು ಉಳುತ್ತಿದ್ದಾನೆಂದು ನೆರೆಯವರು ಹೇಳಿದ ಸಾಕ್ಷ್ಯಗಳಿವೆ. ಅದೇ ಗದ್ದೆಯಲ್ಲಿ ನೇಗಿಲು ಹಿಡಿದು ನಡೆದಿದ್ದ ಆಳಿನ ಹೆಸರು ಆ ಕಾಗದಗಳಲ್ಲಿ ಎಲ್ಲಿಯಾದರೂ ಬರುತ್ತದೆಯೇ, ಬಂದರೆ ಯಾವ ಅಂಕಣದಲ್ಲಿ ಬರುತ್ತದೆ ಎಂದು ಹುಡುಕಬೇಕಾಗಿದೆ.